ಎಪ್ಪತ್ತೆರಡರಲ್ಲಿ ಒಂದು ಪಾಲು

ಸ್ಪಿಟ್‌ಫೈರ್ ಯುದ್ಧವಿಮಾನವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಹೊರಟಾಗ ಇಂಗ್ಲೆಂಡಿನ ಸೂಪರ್‌ಮರೀನ್ ಕಂಪನಿಯ ಎಂಜಿನಿಯರುಗಳ ಮುಂದೆ ಒಂದು ಪ್ರಶ್ನೆಯಿತ್ತು. ವಿಮಾನದ ಲೋಹದ ಹೊದಿಕೆಯನ್ನು ಹಿಡಿದಿಡುವ ಸಾವಿರಾರು ರಿವೆಟ್‌ಗಳ ತಲೆಯನ್ನು ಹೊದಿಕೆಯ ಮಟ್ಟಕ್ಕೇ ಕೂರಿಸಬೇಕೆ, ಇಲ್ಲ ಗುಂಡು ತಲೆಯ ಸಾಮಾನ್ಯ ರಿವೆಟ್ ಸಾಕೆ? ಮಟ್ಟಸವಾಗಿ ಕೂರಿಸಲು ಹೆಚ್ಚು ಹೊತ್ತು ಬೇಕು, ಹೆಚ್ಚು ಖರ್ಚು ಬೇಕು. ಉತ್ತರ ಹುಡುಕಲು ಅವರು ಬಟಾಣಿ ಬೇಳೆ ತರಿಸಿದರು. ಮಟ್ಟಸ ರಿವೆಟ್‌ಗಳಿದ್ದ ಒಂದು ವಿಮಾನ ತೆಗೆದುಕೊಂಡು, ಪ್ರತಿ ರಿವೆಟ್ಟಿನ ಮೇಲೂ ಒಂದೊಂದು ಬೇಳೆ ಅಂಟಿಸಿ, ಹಾರಿಸಿ ನೋಡಿದರು. ವೇಗ ಗಂಟೆಗೆ 22 ಮೈಲಿಯಷ್ಟು, ಅಂದರೆ ಸುಮಾರು 35 ಕಿಲೋಮೀಟರ್ ಕುಸಿಯಿತು. ಆಮೇಲೆ ಒಂದೊಂದು ಭಾಗದಿಂದ ಬೇಳೆ ಕೆರೆದು ತೆಗೆಯುತ್ತ, ಮತ್ತೆ ಮತ್ತೆ ಹಾರಿಸುತ್ತ, ಎಲ್ಲೆಲ್ಲಿ ಗುಂಡು ತಲೆ ಇದ್ದರೂ ನಡೆಯುತ್ತದೆ, ಎಲ್ಲೆಲ್ಲಿ ಕೂಡದು ಎಂದು ಪಟ್ಟಿ ಮಾಡಿಕೊಂಡರು.

ಆ ಬೇಳೆಯ ಎತ್ತರ ಮೂರು ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದನ್ನು 72ರಿಂದ ಭಾಗಿಸಿದರೆ ಸಿಗುವುದು 0.04 ಮಿಲಿಮೀಟರ್. 72ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಸ್ಪಿಟ್‌ಫೈರ್ ಮಾದರಿಯೊಂದಕ್ಕೆ ಕೈಕುಂಚದಿಂದ ಎರಡು ಸಲ ಬಣ್ಣ ಬಳಿದರೆ ಅದರ ದಪ್ಪ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ನಿಜವಾದ ವಿಮಾನದಲ್ಲಿ ಗಂಟೆಗೆ 35 ಕಿಲೋಮೀಟರ್ ಕಸಿದುಕೊಂಡ ಉಬ್ಬು, ಮೇಜಿನ ಮೇಲಿನ ವಿಮಾನದಲ್ಲಿ ಬಣ್ಣದ ಪದರದೊಳಗೆ ಮುಳುಗಿಹೋಗುತ್ತದೆ.

ಮಾದರಿ ಕಟ್ಟುವ ಹವ್ಯಾಸದ ವಿಜ್ಞಾನವೆಲ್ಲ ಇಲ್ಲಿಂದ ಹೊರಡುತ್ತದೆ. ಮಾದರಿಯನ್ನು ಕುಗ್ಗಿಸುವಾಗ ಉದ್ದ ಅಗಲಗಳು ಕುಗ್ಗುತ್ತವೆ. ಆದರೆ ಬಣ್ಣದ ಕಣ, ನೀರಿನ ಮೇಲ್ಮೈ ಎಳೆತ, ಬೆಳಕಿನ ತರಂಗ, ಗಾಳಿಯ ಸ್ನಿಗ್ಧತೆ, ನಮ್ಮ ಕಣ್ಣಿನ ಶಕ್ತಿ ಇವು ಯಾವುವೂ ಕುಗ್ಗುವುದಿಲ್ಲ. ಮಾದರಿ ಕಟ್ಟುವವರ ಕೆಲಸ ನಡೆಯುವುದು ಕುಗ್ಗಿದ್ದರ ಮತ್ತು ಕುಗ್ಗದ್ದರ ನಡುವಿನ ಈ ಅಂತರದಲ್ಲಿ.

ಲೆಕ್ಕ ನೋಡಿ. ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್; ಮಾದರಿಯಲ್ಲಿ 15.6 ಸೆಂಟಿಮೀಟರ್. ಮೇಲ್ಮೈ ವಿಸ್ತೀರ್ಣ ಕುಗ್ಗುವುದು 72ರ ವರ್ಗದಷ್ಟು, ಅಂದರೆ 5,184 ಪಟ್ಟು. ಗಾತ್ರ ಕುಗ್ಗುವುದು 72ರ ಘನದಷ್ಟು, 3,73,248 ಪಟ್ಟು. ಸುಮಾರು 2,600 ಕಿಲೋ ತೂಗುತ್ತಿದ್ದ ವಿಮಾನ ಅದೇ ಪ್ರಮಾಣದಲ್ಲಿ ಕುಗ್ಗಿದರೆ ಏಳು ಗ್ರಾಂ ತೂಗಬೇಕು. ನಮ್ಮ ಪ್ಲಾಸ್ಟಿಕ್ ವಿಮಾನ ಅದಕ್ಕಿಂತ ಭಾರವಾಗಿರುತ್ತದೆ, ಏಕೆಂದರೆ ಅದರ ಗೋಡೆ ಒಂದು ಮಿಲಿಮೀಟರ್ ದಪ್ಪ. ನಿಜದ ಅಳತೆಗೆ ಹಿಗ್ಗಿಸಿದರೆ ಅದು ಏಳು ಸೆಂಟಿಮೀಟರ್ ದಪ್ಪದ ತಗಡು! ವಸ್ತು ಚಿಕ್ಕದಾದಷ್ಟೂ ತನ್ನ ತೂಕಕ್ಕೆ ಹೋಲಿಸಿದರೆ ಗಟ್ಟಿಯಾಗುತ್ತದೆ ಎಂದು ಗೆಲಿಲಿಯೊ 1638ರಲ್ಲೇ ಬರೆದಿಟ್ಟಿದ್ದಾನೆ. ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ಮಾದರಿ ಕೆಳಗೆ ಬಿದ್ದರೆ ಅದು 54 ಮೀಟರ್ ಮೇಲಿಂದ ಬಿದ್ದಂತೆ. ಆದರೂ ಹೆಚ್ಚೆಂದರೆ ಒಂದು ಚಕ್ರದ ಕಾಲು ಮುರಿಯುತ್ತದೆ.

ಗಾಳಿಯಂತೂ ಇನ್ನೂ ಹಟಮಾರಿ. ಮಾದರಿಯ ಸುತ್ತ ಗಾಳಿ ನಿಜದ ವಿಮಾನದ ಸುತ್ತ ಹರಿದಂತೆಯೇ ಹರಿಯಬೇಕಾದರೆ ರೆನಾಲ್ಡ್ಸ್ ಸಂಖ್ಯೆ ಎರಡಕ್ಕೂ ಒಂದೇ ಇರಬೇಕು. ವೇಗ, ಅಳತೆ, ಗಾಳಿಯ ಸಾಂದ್ರತೆ ಇವುಗಳ ಗುಣಲಬ್ಧವನ್ನು ಗಾಳಿಯ ಸ್ನಿಗ್ಧತೆಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಅಳತೆ 72 ಪಟ್ಟು ಕಡಿಮೆಯಾದರೆ ವೇಗವನ್ನು 72 ಪಟ್ಟು ಏರಿಸಬೇಕು. ಸೆಕೆಂಡಿಗೆ 150 ಮೀಟರ್ ಹಾರುತ್ತಿದ್ದ ವಿಮಾನದ ಮಾದರಿಯನ್ನು ಸೆಕೆಂಡಿಗೆ ಹತ್ತು ಕಿಲೋಮೀಟರಿಗೂ ಮೀರಿ ಓಡಿಸಬೇಕಾಗುತ್ತದೆ. ಆ ವೇಗದಲ್ಲಿ ಗಾಳಿಯ ನಡವಳಿಕೆಯೇ ಬೇರೆ. ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ 1920ರ ದಶಕದ ಆರಂಭದಲ್ಲಿ ಮ್ಯಾಕ್ಸ್ ಮುಂಕ್ ಇದಕ್ಕೊಂದು ಉಪಾಯ ಹುಡುಕಿದ: ವೇಗದ ಬದಲು ಸಾಂದ್ರತೆಯನ್ನು ಏರಿಸಿ, ಉಕ್ಕಿನ ದೊಡ್ಡ ಕೊಳವೆಯೊಳಗೆ ವಾತಾವರಣಕ್ಕಿಂತ ಇಪ್ಪತ್ತು ಪಟ್ಟು ಒತ್ತಡದ ಗಾಳಿ ತುಂಬಿ, ಅದರಲ್ಲಿ ಮಾದರಿಯನ್ನು ಪರೀಕ್ಷಿಸಿದ. ನಮ್ಮ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ 1967ರಿಂದ ಕೆಲಸ ಮಾಡುತ್ತಿರುವ 1.2 ಮೀಟರಿನ ಗಾಳಿಸುರಂಗವೂ ತೊಟ್ಟಿಗಳಲ್ಲಿ ಒತ್ತಿಟ್ಟ ಗಾಳಿಯನ್ನು ಒಮ್ಮೆಗೇ ಬಿಟ್ಟು ಮಾದರಿಗಳನ್ನು ಪರೀಕ್ಷಿಸುತ್ತದೆ. ನಾವು ಕಪಾಟಿನಲ್ಲಿಡುವ ವಿಮಾನಕ್ಕೆ ಈ ಕಷ್ಟವಿಲ್ಲ. ಅದು ತೃಪ್ತಿಪಡಿಸಬೇಕಾದ್ದು ಕಣ್ಣನ್ನು ಮಾತ್ರ. ಅದೂ ಸುಲಭವಲ್ಲ.

72 ಎಂಬ ಸಂಖ್ಯೆ ಬಂದದ್ದು ಅಡಿ ಇಂಚುಗಳ ಲೆಕ್ಕದಿಂದ. ಆರು ಅಡಿಗೆ 72 ಇಂಚು. ಆರಡಿ ಮನುಷ್ಯ ಒಂದಿಂಚಿನವನಾಗುತ್ತಾನೆ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಚಾಲ್ತಿಗೆ ಬಂದ ಈ ಪ್ರಮಾಣವನ್ನು ಯುದ್ಧ ಗಟ್ಟಿಮಾಡಿತು. 1942ರಲ್ಲಿ ಅಮೆರಿಕದ ನೌಕಾಪಡೆ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡಲು ದೇಶದ ಶಾಲಾ ವಿದ್ಯಾರ್ಥಿಗಳನ್ನು ಕೇಳಿಕೊಂಡಿತು. ಶತ್ರು ವಿಮಾನ ಯಾವುದು, ಮಿತ್ರ ವಿಮಾನ ಯಾವುದು ಎಂದು ಸೈನಿಕರಿಗೆ ಆಕಾರ ನೋಡಿಯೇ ಗುರುತು ಹಿಡಿಯಲು ಕಲಿಸುವುದಕ್ಕಾಗಿ ಅವು ಬೇಕಾಗಿದ್ದವು. 72ರಲ್ಲಿ ಒಂದು ಪಾಲಿನ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿ ಆಚೆಯ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಈ ಲೆಕ್ಕವನ್ನು ಮರೆಯಬೇಡಿ. ಬಣ್ಣದ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪ್ಲಾಸ್ಟಿಕ್ ಕಿಟ್‌ಗಳು ಮೊದಲು ಬಂದದ್ದು ಸೆಲ್ಯುಲೋಸ್ ಅಸಿಟೇಟಿನಲ್ಲಿ. ಅದಕ್ಕೆ ತೇವ ಹೀರುವ ಚಾಳಿ. ವರ್ಷ ಕಳೆದಂತೆ ರೆಕ್ಕೆಗಳು ಸೊಟ್ಟಗಾಗುತ್ತಿದ್ದವು. ಯುದ್ಧದ ನಂತರ ಪಾಲಿಸ್ಟೈರೀನ್ ಆ ಜಾಗ ಹಿಡಿಯಿತು. 1939ರಲ್ಲಿ ನಿಕೋಲಸ್ ಕೋವ್ ಎಂಬ ಹಂಗೇರಿಯ ವಲಸಿಗ ಲಂಡನ್ನಿನಲ್ಲಿ ಶುರುಮಾಡಿದ ಏರ್‌ಫಿಕ್ಸ್ ಕಂಪನಿ ಮೊದಲು ರಬ್ಬರಿನ ಗಾಳಿ ತುಂಬುವ ಆಟಿಕೆ ಮಾರುತ್ತಿತ್ತು. 1949ರಲ್ಲಿ ಫರ್ಗುಸನ್ ಟ್ರ್ಯಾಕ್ಟರಿನ ಮಾದರಿ ಮಾಡಿತು, ಐವತ್ತರ ದಶಕದಲ್ಲಿ ಸ್ಪಿಟ್‌ಫೈರ್‌ಗೆ ಬಂತು. ಅಂದಿನಿಂದ ಇಂದಿನವರೆಗೆ ಸ್ಪಿಟ್‌ಫೈರ್ ಕಿಟ್ ಇಲ್ಲದ ಕಾಲವೇ ಇಲ್ಲ.

ಪಾಲಿಸ್ಟೈರೀನ್ ಎಂದರೆ ಇಂಗಾಲದ ಉದ್ದನೆಯ ಸರಪಳಿ. ಒಂದು ಬಿಟ್ಟು ಒಂದು ಇಂಗಾಲಕ್ಕೆ ಬೆಂಜೀನ್ ಉಂಗುರ ಜೋತುಬಿದ್ದಿರುತ್ತದೆ. ಈ ಉಂಗುರಗಳು ಸರಪಳಿಯ ಎಡಕ್ಕೂ ಬಲಕ್ಕೂ ಯಾವ ಕ್ರಮವೂ ಇಲ್ಲದೆ ಕೂತಿರುವುದರಿಂದ ಸರಪಳಿಗಳು ಸಾಲಾಗಿ ಜೋಡಿಕೊಂಡು ಹರಳಾಗಲಾರವು. ಹಾಗಾಗಿ ಈ ಪ್ಲಾಸ್ಟಿಕ್ ಗಾಜಿನಂತೆ ಪಾರದರ್ಶಕ. ಚಾಲಕನ ತಲೆಯ ಮೇಲಿನ ಗಾಜಿನ ಗೂಡೂ ಬೂದು ಬಣ್ಣದ ರೆಕ್ಕೆಯೂ ಒಂದೇ ಪದಾರ್ಥ. ರೆಕ್ಕೆಗೆ ಬಣ್ಣದ ಪುಡಿ ಬೆರೆಸಿದ್ದಾರೆ, ಅಷ್ಟೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ 200 ಡಿಗ್ರಿಗೂ ಮೇಲೆ ಕಾಯಿಸಿ, ಉಕ್ಕಿನ ಅಚ್ಚಿನೊಳಗೆ ಭಾರಿ ಒತ್ತಡದಲ್ಲಿ ನುಗ್ಗಿಸುತ್ತಾರೆ. ತಣಿಯುವಾಗ ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. ದಪ್ಪವಿರುವ ಕಡೆ ಒಳಭಾಗ ತಡವಾಗಿ ತಣಿದು ಮೇಲ್ಮೈಯನ್ನು ಒಳಕ್ಕೆ ಎಳೆಯುವುದರಿಂದ ಸಣ್ಣ ಗುಳಿ ಬೀಳುತ್ತದೆ. ಅಚ್ಚಿನಿಂದ ತಳ್ಳಿದ ಕಡ್ಡಿಗಳ ದುಂಡು ಗುರುತೂ ಉಳಿಯುತ್ತದೆ. ಭಾಗಗಳು ಅಚ್ಚಿಗೆ ಅಂಟದಿರಲೆಂದು ಬಳಿದ ಜಿಡ್ಡೂ ಇರುತ್ತದೆ. ಅದಕ್ಕೇ ಕಿಟ್ಟಿನ ಪೊಟ್ಟಣ ಬಿಚ್ಚಿದ ಕೂಡಲೇ ಭಾಗಗಳನ್ನು ಫ್ರೇಮಿನ ಸಮೇತ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಬಣ್ಣ ಹಿಡಿಯುವುದೂ ಬಿಡುವುದೂ ಈ ಹತ್ತು ನಿಮಿಷದ ಕೆಲಸದ ಮೇಲೆ ನಿಂತಿದೆ.

ಮಾದರಿ ಕಟ್ಟುವವರು ಅಂಟು ಎನ್ನುವುದು ನಿಜಕ್ಕೂ ಅಂಟಲ್ಲ, ದ್ರಾವಕ. ಬ್ಯುಟೈಲ್ ಅಸಿಟೇಟ್, ಅಸಿಟೋನ್ ಮುಂತಾದ ದ್ರವಗಳ ಮಿಶ್ರಣ. ಕಿತ್ತಳೆ ಸಿಪ್ಪೆಯ ವಾಸನೆಗೆ ಕಾರಣವಾದ ಲಿಮೊನೀನ್ ಕೂಡ ಪಾಲಿಸ್ಟೈರೀನನ್ನು ಕರಗಿಸುತ್ತದೆ, ಅದನ್ನೇ ಬಳಸಿದ ಸಿಮೆಂಟೂ ಸಿಗುತ್ತದೆ. ವಿಮಾನದ ಒಡಲಿನ ಎಡ ಬಲ ಹೋಳುಗಳನ್ನು ಏನೂ ಹಚ್ಚದೆ ಜೋಡಿಸಿ ಹಿಡಿದುಕೊಂಡು, ಸಣ್ಣ ಕುಂಚದ ತುದಿಯನ್ನು ದ್ರಾವಕದಲ್ಲಿ ಅದ್ದಿ ಸಂದಿಗೆ ಮುಟ್ಟಿಸಿ ನೋಡಿ. ದ್ರವ ಕುಂಚದಿಂದ ತಾನಾಗಿಯೇ ಸಂದಿಗೆ ಇಳಿದು, ಮೂಗಿನಿಂದ ಬಾಲದ ಕಡೆಗೆ ಕಣ್ಣೆದುರಿಗೇ ಓಡುತ್ತದೆ. ಲೋಮನಾಳ ಕ್ರಿಯೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದು ಇದನ್ನೇ.

ಆಮೇಲಿನದು ಕಣ್ಣಿಗೆ ಕಾಣದು. ದ್ರಾವಕ ಎರಡೂ ಬದಿಯ ಪ್ಲಾಸ್ಟಿಕ್ಕಿನೊಳಗೆ ಸೇರಿ ಸರಪಳಿಗಳನ್ನು ಸಡಿಲಿಸುತ್ತದೆ. ಸಡಿಲಗೊಂಡ ಸರಪಳಿ ಸುತ್ತಲಿನ ಸರಪಳಿಗಳ ನಡುವೆ ಅಡ್ಡಕ್ಕೆ ಚಲಿಸಲಾರದು. ತನ್ನ ಉದ್ದಕ್ಕೇ ಹಾವಿನಂತೆ ಹರಿಯಬಲ್ಲದು. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್-ಜಿಲ್ ಡಿ ಜೆನ್ 1971ರಲ್ಲಿ ಈ ಹರಿದಾಟಕ್ಕೆ ಗಣಿತ ಬರೆದ. 1991ರಲ್ಲಿ ಅವನಿಗೆ ನೊಬೆಲ್ ಬಂತು. ಎಡಗಡೆಯ ಸರಪಳಿಗಳು ಬಲಗಡೆಗೆ, ಬಲಗಡೆಯವು ಎಡಗಡೆಗೆ ಹರಿದು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದಾಗ ಅಲ್ಲಿ ಉಳಿಯುವುದು ಪಾಲಿಸ್ಟೈರೀನ್ ಮಾತ್ರ. ಬೆಸುಗೆ ಎಂಬ ಪದ ಇದಕ್ಕೆ ಪೂರ್ತಿ ಸಲ್ಲುತ್ತದೆ.

ದ್ರಾವಕ ಹೊರಗೆ ಬರಲು ಸಮಯ ಬೇಕು. ಮೇಲ್ಮೈ ಗಂಟೆಯೊಳಗೆ ಗಟ್ಟಿಯಾದಂತೆ ಕಂಡರೂ ಒಳಗಿನದು ದಿನಗಟ್ಟಲೆ ನಿಧಾನವಾಗಿ ಆವಿಯಾಗುತ್ತಿರುತ್ತದೆ, ಆದಂತೆಲ್ಲ ಪ್ಲಾಸ್ಟಿಕ್ ಕುಗ್ಗುತ್ತದೆ. ಅದೇ ದಿನ ಎಮರಿ ಕಾಗದದಿಂದ ಉಜ್ಜಿ ಸಂದು ಕಾಣದಂತೆ ನಯಮಾಡಿದರೆ, ಬಣ್ಣವೆಲ್ಲ ಮುಗಿದ ಮೇಲೆ ಒಂದು ದಿನ ಅಲ್ಲೇ ತಗ್ಗಿನ ಗೆರೆ ಎದ್ದು ಕಾಣುತ್ತದೆ. ಎರಡು ದಿನ ಕಾಯುವುದು ಒಳ್ಳೆಯದು. ಆ ಬಿಡುವಿನಲ್ಲಿ ರೆಕ್ಕೆಯ ಕೋನ ನೋಡಿಕೊಳ್ಳಿ. ಸ್ಪಿಟ್‌ಫೈರ್ ರೆಕ್ಕೆಗಳು ಆರು ಡಿಗ್ರಿ ಮೇಲಕ್ಕೆ ಎದ್ದಿರುತ್ತವೆ. ರಟ್ಟಿನ ತುಂಡೊಂದನ್ನು ಆರು ಡಿಗ್ರಿಗೆ ಕತ್ತರಿಸಿ ಎರಡೂ ಕಡೆ ಆಸರೆ ಕೊಡಬೇಕು. ಒಂದು ಡಿಗ್ರಿ ತಪ್ಪಿದರೂ ಆ ವಿಮಾನ ಬಲ್ಲವರ ಕಣ್ಣಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಆರ್. ಜೆ. ಮಿಚೆಲ್ ಮತ್ತು ಅವನ ತಂಡ ರೂಪಿಸಿದ ಆ ದೀರ್ಘವೃತ್ತದ ರೆಕ್ಕೆ ಅಷ್ಟು ಪರಿಚಿತ. 1936ರ ಮಾರ್ಚ್ 5ರಂದು ಈಸ್ಟ್‌ಲೀಯಲ್ಲಿ ಮೊದಲ ಸ್ಪಿಟ್‌ಫೈರ್ ಹಾರಿದ್ದನ್ನು ಮಿಚೆಲ್ ನೋಡಿದ. ಮರುವರ್ಷ, 42ನೇ ವಯಸ್ಸಿನಲ್ಲಿ ತೀರಿಕೊಂಡ. 20 ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದದ್ದನ್ನು ನೋಡಲು ಅವನಿರಲಿಲ್ಲ.

ಗಾಜಿನ ಗೂಡಿಗೆ ಮಾತ್ರ ಈ ದ್ರಾವಕ ಬೇಡ. ಒಂದು ಹನಿ ತಾಗಿದರೂ ಮಸುಕಾಗುತ್ತದೆ. ಸೂಪರ್‌ಗ್ಲೂ ಅದಕ್ಕಿಂತ ಅಪಾಯ. ಅದರ ಆವಿ ಗಾಳಿಯ ತೇವದೊಡನೆ ಸೇರಿ ಗಾಜಿನ ಒಳಗೋಡೆಯ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಬೆರಳು ಮುಟ್ಟಿದ ಕಡೆಯಂತೂ ಇನ್ನೂ ದಟ್ಟವಾಗಿ. ಪೊಲೀಸ್ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಎಬ್ಬಿಸುವುದು ಇದೇ ಆವಿಯಿಂದ. ಗೂಡಿಗೆ ಬಿಳಿ ಫೆವಿಕಾಲ್ ಜಾತಿಯ ಅಂಟೇ ಸಾಕು. ಗೀರು ಬಿದ್ದಿದ್ದರೆ ನೆಲಕ್ಕೆ ಹೊಳಪು ಕೊಡುವ ಅಕ್ರಿಲಿಕ್ ಪಾಲಿಶಿನಲ್ಲಿ ಅದ್ದಿ ತೆಗೆಯುತ್ತಾರೆ. ಪಾಲಿಸ್ಟೈರೀನಿನ ವಕ್ರೀಭವನ ಸೂಚ್ಯಂಕ 1.59, ಅಕ್ರಿಲಿಕ್ಕಿನದು 1.49, ಗಾಳಿಯದು 1. ಗೀರಿನಲ್ಲಿ ಗಾಳಿಯಿದ್ದಾಗ ಬೆಳಕು ಹೆಚ್ಚು ಚದುರುತ್ತದೆ. ಅಕ್ರಿಲಿಕ್ ತುಂಬಿಕೊಂಡರೆ ವ್ಯತ್ಯಾಸ ಕಡಿಮೆಯಾಗಿ ಗೀರು ಮಾಯವಾಗುತ್ತದೆ.

ಈಗ ಕಣ್ಣಿನ ಮಾತು. ಆರೋಗ್ಯವಂತ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದ್ದು ಸುಮಾರು ಒಂದು ಆರ್ಕ್ ಮಿನಿಟ್ ಕೋನದವರೆಗೆ, ಅಂದರೆ ಡಿಗ್ರಿಯ ಅರುವತ್ತನೇ ಒಂದು ಪಾಲು. ಮಾದರಿಯನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು 0.09 ಮಿಲಿಮೀಟರ್. ನಿಜದ ವಿಮಾನದ ಮೇಲೆ ಆರೂವರೆ ಮಿಲಿಮೀಟರ್. ಅದಕ್ಕಿಂತ ಸಣ್ಣ ವಿವರವನ್ನು ಈ ಪ್ರಮಾಣದಲ್ಲಿ ಕಣ್ಣು ಬಿಡಿಸಿ ನೋಡಲಾರದು. ರಿವೆಟ್ಟಿನ ತಲೆ ಹೆಚ್ಚುಕಡಿಮೆ ಆ ಗಡಿಯಲ್ಲೇ ನಿಲ್ಲುತ್ತದೆ. ಹೊದಿಕೆಯ ತಗಡುಗಳ ನಡುವಿನ ಸಂದಂತೂ ಅದಕ್ಕಿಂತ ಬಹಳ ಕಿರಿದು. ಆದರೂ ಕಿಟ್ ತಯಾರಕರು ರೆಕ್ಕೆಯ ತುಂಬ ಗೆರೆ ಕೊರೆಯುತ್ತಾರೆ. 0.2 ಮಿಲಿಮೀಟರ್ ಗೆರೆ ಎಂದರೆ ನಿಜದಲ್ಲಿ 14 ಮಿಲಿಮೀಟರ್ ಬಿರುಕು. ಅಂಥ ಬಿರುಕಿನ ವಿಮಾನ ನೆಲ ಬಿಡಲಾರದು. ಗೆರೆ ಬೇಕೇ ಬೇಕು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ, ಏಕೆಂದರೆ ನಿಜದ ವಿಮಾನದಲ್ಲಿ ಸಂದುಗಳ ಉದ್ದಕ್ಕೂ ಎಣ್ಣೆ, ಧೂಳು ಕೂತು ಬಣ್ಣ ತುಸು ಬದಲಾಗಿರುತ್ತದೆ. ಆದರೆ ಎಲ್ಲ ಗೆರೆಗೂ ಕಪ್ಪು ತುಂಬಿ ರೆಕ್ಕೆಯನ್ನು ಚೌಕಳಿ ಬಟ್ಟೆ ಮಾಡುವುದು ಆ ರಿವೆಟ್‌ಗಳನ್ನು ಅಷ್ಟು ಕಷ್ಟಪಟ್ಟು ಮಟ್ಟಸ ಮಾಡಿದವರ ಕೆಲಸಕ್ಕೆ ಸಲ್ಲಿಸುವ ಗೌರವವಲ್ಲ. ಬೂದು ಕಂದು ಸಾಕು, ಅದನ್ನೂ ಎಂಜಿನ್ ಮುಚ್ಚಳ, ಬಂದೂಕಿನ ಬಾಗಿಲು, ರೆಕ್ಕೆಯ ಚಲಿಸುವ ಅಂಚು ಇಂಥ ಕಡೆ ಮಾತ್ರ.

ಬಣ್ಣ ಯಾವುದು ಎಂಬ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರವಿದೆ. 1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಹೋರಾಡಿದ ಸ್ಪಿಟ್‌ಫೈರ್‌ಗಳ ಮೇಲ್ಭಾಗಕ್ಕೆ ಡಾರ್ಕ್ ಅರ್ತ್ ಎಂಬ ಮಣ್ಣಿನ ಕಂದು, ಡಾರ್ಕ್ ಗ್ರೀನ್ ಎಂಬ ಕಡು ಹಸಿರು, ತಳಭಾಗಕ್ಕೆ ಸ್ಕೈ. ಸ್ಕೈ ನೀಲಿಯಲ್ಲ, ಹಸಿರು ಬೆರೆತ ಕೆನೆಬಣ್ಣ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ಚಾಲಕ ಗುಪ್ತವಾಗಿ ಚಿತ್ರ ತೆಗೆಯುವ ವಿಮಾನಗಳಿಗೆ ಬಳಿಸುತ್ತಿದ್ದ ಕ್ಯಾಮೊಟಿಂಟ್ ಎಂಬ ಬಣ್ಣದಿಂದ ಹುಟ್ಟಿದ್ದು ಅದು. ನಸುಗುಲಾಬಿ ಬಳಿದ ಸ್ಪಿಟ್‌ಫೈರ್‌ಗಳೂ ಇದ್ದವು. ಮೋಡದ ಕೆಳಗೆ, ಬೆಳಗಿನ ಸಂಜೆಯ ಬೆಳಕಿನಲ್ಲಿ ಹಾರುವ ವಿಮಾನಕ್ಕೆ ಅದು ಒಳ್ಳೆಯ ಮರೆ.

ಆದರೆ ದಾಖಲೆಯ ಬಣ್ಣವನ್ನೇ ಬೆರೆಸಿ ಬಳಿದರೆ ಮಾದರಿ ಕಪ್ಪಗೆ, ಭಾರವಾಗಿ ಕಾಣುತ್ತದೆ. ಅದಕ್ಕೇ ಅನುಭವಿಗಳು ಪ್ರತಿ ಬಣ್ಣಕ್ಕೂ ಸ್ವಲ್ಪ ಬಿಳಿ ಬೆರೆಸುತ್ತಾರೆ. ಕಾರಣ ಕೇಳಿದರೆ ದೂರದ ಗುಡ್ಡ ಮಸುಕಾಗಿ ಕಾಣುವಂತೆ ವಿಮಾನವೂ ಕಾಣುತ್ತದೆ, ನಡುವೆ ಗಾಳಿ ಇದೆಯಲ್ಲ ಎನ್ನುತ್ತಾರೆ. ಈ ವಿವರಣೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಮಾದರಿಯನ್ನು 30 ಸೆಂಟಿಮೀಟರಿನಿಂದ ನೋಡುವುದೆಂದರೆ ವಿಮಾನವನ್ನು 21.6 ಮೀಟರಿನಿಂದ ನೋಡಿದಂತೆ. 20 ಕಿಲೋಮೀಟರ್ ದೂರದವರೆಗೆ ಕಾಣುವಷ್ಟು ತಿಳಿಯಾದ ದಿನ, 21.6 ಮೀಟರ್ ಗಾಳಿ ಕದಿಯುವ ವರ್ಣವ್ಯತ್ಯಾಸ ಸಾವಿರದಲ್ಲಿ ನಾಲ್ಕು ಪಾಲು. ಕಣ್ಣಿಗೆ ಅದು ಗೊತ್ತೇ ಆಗದು. ಅಲ್ಲಿಗೆ ಗಾಳಿಯ ಕಾರಣ ಬಿದ್ದುಹೋಯಿತು. ಬಿಳಿ ಬೆರೆಸಬೇಕಾದ್ದು ಮಾತ್ರ ನಿಜ.

ನನ್ನ ಮಟ್ಟಿಗೆ ಸರಿಯಾದ ಕಾರಣ ದೀಪದಲ್ಲಿದೆ. ಬಯಲಿನ ಬಿಸಿಲು ಲಕ್ಷ ಲಕ್ಸ್‌ನಷ್ಟು. ಮನೆಯೊಳಗಿನ ದೀಪ ಕೆಲವು ನೂರು ಲಕ್ಸ್. ಕಣ್ಣು ಹೊಂದಿಕೊಳ್ಳುತ್ತದೆ, ಆದರೆ ಪೂರ್ತಿಯಲ್ಲ. ಬೆಳಕು ಕಡಿಮೆಯಾದಷ್ಟೂ ಬಣ್ಣಗಳ ಕಸುವು ಕುಗ್ಗಿದಂತೆ ಕಾಣುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಆರ್. ಡಬ್ಲ್ಯು. ಜಿ. ಹಂಟ್ 1950ರ ದಶಕದಲ್ಲಿ ತೋರಿಸಿದ. ಆ ಪರಿಣಾಮಕ್ಕೆ ಅವನದೇ ಹೆಸರಿದೆ. ಜೊತೆಗೆ ಹೊರಗೆ ನಿಂತ ವಿಮಾನದ ಮೇಲ್ಮೈ ಇಡೀ ಆಕಾಶವನ್ನು ಮಂದವಾಗಿ ಪ್ರತಿಫಲಿಸುತ್ತದೆ. ಮೇಜಿನ ಮೇಲಿನದಕ್ಕೆ ಸಿಗುವುದು ಒಂದು ದೀಪ, ಒಂದು ಸುಣ್ಣದ ಗೋಡೆ. ನಾವು ಬೆರೆಸುವ ಬಿಳಿ ಆ ಕಾಣೆಯಾದ ಆಕಾಶದ ಬದಲಿಗೆ. ಹೀಗಾಗಿ ಎಷ್ಟು ಬಿಳಿ ಎಂಬುದಕ್ಕೆ ಪಟ್ಟಿ ನೋಡುವುದಕ್ಕಿಂತ, ಮಾದರಿ ನಿಲ್ಲುವ ಕಪಾಟಿನ ಬೆಳಕಿನಲ್ಲಿ ಒಂದು ಪ್ಲಾಸ್ಟಿಕ್ ಚೂರಿಗೆ ಬಳಿದು ನೋಡುವುದು ಮೇಲು.

ಬಣ್ಣ ಬಳಿಯುವಾಗ ಎದುರಾಗುವ ಶತ್ರು ಮೇಲ್ಮೈ ಎಳೆತ. ಸಮತಟ್ಟಾದ ಜಾಗದಲ್ಲಿ ನೀರಿನ ಆಕಾರವನ್ನು ಗುರುತ್ವ ನಿರ್ಧರಿಸಬೇಕೋ ಮೇಲ್ಮೈ ಎಳೆತ ನಿರ್ಧರಿಸಬೇಕೋ ಎಂಬುದಕ್ಕೆ ಒಂದು ಗಡಿ ಅಳತೆಯಿದೆ: 2.7 ಮಿಲಿಮೀಟರ್. ಅದಕ್ಕಿಂತ ಸಣ್ಣ ಹನಿ ದುಂಡಗೆ ನಿಲ್ಲುತ್ತದೆ. ನಿಜದ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ಮಾದರಿಗೆ ಅದು 19 ಸೆಂಟಿಮೀಟರ್ ಎತ್ತರದ ನೀರಿನ ಗುಡ್ಡೆ! ಕುಂಚದ ಬಣ್ಣ ಮೂಲೆಗಳಲ್ಲಿ ಕಟ್ಟಿಕೊಳ್ಳುವುದೂ ಚೂಪು ಅಂಚುಗಳಿಂದ ಹಿಂದೆ ಸರಿಯುವುದೂ ಇದರಿಂದಲೇ. ಮೇಲಾಗಿ ಪಾಲಿಸ್ಟೈರೀನ್ ನೀರನ್ನು ದೂರವಿಡುವ ಪದಾರ್ಥ. ನೀರಿನ ಅಕ್ರಿಲಿಕ್ ಬಣ್ಣಕ್ಕೆ ಆಲ್ಕೋಹಾಲ್ ಬೆರೆಸುವುದು, ಅದಕ್ಕೂ ಮೊದಲು ಪ್ರೈಮರ್ ಹೊಡೆಯುವುದು ಈ ಎಳೆತವನ್ನು ತಗ್ಗಿಸಿ ಬಣ್ಣಕ್ಕೆ ನೆಲೆ ಕೊಡಲು.

ಏರ್‌ಬ್ರಷ್ ಈ ತೊಡಕನ್ನು ಇನ್ನೊಂದು ದಾರಿಯಿಂದ ಬಿಡಿಸುತ್ತದೆ. 0.3 ಮಿಲಿಮೀಟರ್ ತೂತಿನ ಸುತ್ತ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿದು, ಬಣ್ಣ ಹೊರಕ್ಕೆ ಎಳೆದುಕೊಂಡು ಬಂದು, ಮಂಜಿನಂತೆ ಒಡೆಯುತ್ತದೆ. ಬಣ್ಣ ಹಾಲಿನ ಹದಕ್ಕೆ ತೆಳುವಾಗಿರಬೇಕು. ಕಂಪ್ರೆಸರಿನ ಒತ್ತಡ 15 ಪಿಎಸ್‌ಐ ಆಸುಪಾಸು ಸಾಕು. ಹನಿ ಒಣಗಲು ಬೇಕಾದ ಸಮಯ ಅದರ ವ್ಯಾಸದ ವರ್ಗಕ್ಕೆ ಅನುಗುಣ. ಅರ್ಧ ವ್ಯಾಸದ ಹನಿ ಕಾಲು ಸಮಯದಲ್ಲಿ ಒಣಗುತ್ತದೆ. ದೂರದಿಂದ ಹೊಡೆದರೆ ಹನಿಗಳು ದಾರಿಯಲ್ಲೇ ಒಣಗಿ ಮರಳಿನಂತೆ ಬೀಳುತ್ತವೆ. ತೀರಾ ಹತ್ತಿರದಿಂದ ಹೊಡೆದರೆ ಒದ್ದೆ ಹರಿದು ಜೇಡರ ಕಾಲು ಮೂಡುತ್ತದೆ. ಸರಿಯಾದ ದೂರದಲ್ಲಿ ಹನಿ ಒದ್ದೆಯಾಗಿಯೇ ಇಳಿದು, ಪಕ್ಕದ ಹನಿಯೊಡನೆ ಕೂಡಿ ಸಮವಾಗಿ, ಎರಡು ಮೂರು ಸೆಕೆಂಡು ಮಿನುಗಿ ಮಂಕಾಗುತ್ತದೆ. ಆ ಮಿನುಗು ಕಂಡರೆ ಕೈ ಮುಂದಕ್ಕೆ ಸರಿಸಬಹುದು. ಹೀಗೆ ತೆಳ್ಳಗೆ ಹೊಡೆದ ಪದರವೂ ನಿಜದ ಅಳತೆಯಲ್ಲಿ ಒಂದೂವರೆ ಮಿಲಿಮೀಟರಿನಷ್ಟು ದಪ್ಪವೇ.

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯವರು ಲ್ಯಾಕರ್ ಬಣ್ಣ ಹೊಡೆಯುವಾಗ ಎಚ್ಚರವಾಗಿರಬೇಕು. ಥಿನ್ನರ್ ಬೇಗ ಆವಿಯಾಗುತ್ತ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ; ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಕೂತು ಹೊಳಪಿನ ಪದರ ಹಾಲು ಬಿಳುಪಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬಳಸಬೇಕು, ಇಲ್ಲ ಮಳೆ ಹೊಳವಾಗುವ ದಿನಕ್ಕೆ ಕಾಯಬೇಕು. ಕಿಟಕಿ ತೆರೆದಿರಲಿ, ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಈ ಆವಿಗಳು ಶ್ವಾಸಕೋಶಕ್ಕೆ ಒಳ್ಳೆಯವಲ್ಲ.

ಬಣ್ಣ ಒಣಗಿದ ಮೇಲೆ ಮಂಕು ಮೇಲ್ಮೈಗೆ ಹೊಳಪಿನ ವಾರ್ನಿಷ್ ಹೊಡೆಯುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ. ಇದು ಡೆಕಾಲ್‌ಗಾಗಿ. ವೃತ್ತಚಿಹ್ನೆ, ಅಕ್ಷರ, ಸಂಖ್ಯೆಗಳು ತೆಳು ಪೊರೆಯ ಮೇಲೆ ಅಚ್ಚಾಗಿ ಕಾಗದಕ್ಕೆ ಅಂಟಿಕೊಂಡು ಬರುತ್ತವೆ. ನೀರಿನಲ್ಲಿ ನೆನೆಸಿದರೆ ಕಾಗದ ಬಿಟ್ಟು ಜಾರುತ್ತವೆ. ಮಂಕು ಮೇಲ್ಮೈ ಎಂದರೆ ಸೂಕ್ಷ್ಮ ಉಬ್ಬುತಗ್ಗುಗಳ ಮೇಲ್ಮೈ. ಪೊರೆ ಉಬ್ಬುಗಳ ಮೇಲಷ್ಟೇ ಕೂತು ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ, ಆ ಗಾಳಿ ಬೆಳಕನ್ನು ಹಿಂದಿರುಗಿಸಿ ಅಕ್ಷರದ ಸುತ್ತ ಬೆಳ್ಳಿಯ ಅಂಚು ಹೊಳೆಯುತ್ತದೆ. ಹೊಳಪಿನ ವಾರ್ನಿಷ್ ತಗ್ಗು ತುಂಬುತ್ತದೆ. ಎಲ್ಲ ಮುಗಿದ ಮೇಲೆ ಸಿಲಿಕಾ ಪುಡಿ ಬೆರೆತ ಮಂಕು ವಾರ್ನಿಷ್ ಹೊಡೆದು ಆ ಒರಟುತನವನ್ನು ಮತ್ತೆ ತರಬೇಕು.

ಹಳತಾದ ನೋಟ ಕೊಡುವುದರಲ್ಲಿ ತರ್ಕ ಮುಖ್ಯ. ಎಂಜಿನಿನ ಹೊಗೆಕೊಳವೆಯ ಹಿಂದೆ ಅನೇಕರು ಅಪ್ಪಟ ಕಪ್ಪು ಬಳಿಯುತ್ತಾರೆ. 1940ರ ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ನಿಗೆ ಹಾಕುತ್ತಿದ್ದದ್ದು ಸೀಸ ಬೆರೆಸಿದ 100 ಆಕ್ಟೇನ್ ಪೆಟ್ರೋಲು; ಅದು ಬಿಡುವ ಕಲೆಯಲ್ಲಿ ಮಾಸಲು ಬೂದಿಯ ಛಾಯೆ ಇರುತ್ತದೆ. ರೆಕ್ಕೆಯೊಳಗಿನ ಎಂಟು ಬ್ರೌನಿಂಗ್ ಬಂದೂಕುಗಳ ಬಾಯಿಗೆ ಕೆಂಪು ಬಟ್ಟೆಯ ತೇಪೆ ಹಚ್ಚುತ್ತಿದ್ದರು, ತೇವ ಒಳಗೆ ಹೋಗಿ ಎತ್ತರದಲ್ಲಿ ಹೆಪ್ಪುಗಟ್ಟಬಾರದೆಂದು. ಗುಂಡು ಹಾರಿದರೆ ತೇಪೆ ಹರಿಯುತ್ತದೆ. ಆದ್ದರಿಂದ ತೇಪೆ ಅಖಂಡವಾಗಿ ತೋರಿಸಿ ಅದರ ಹಿಂದೆ ಮದ್ದಿನ ಮಸಿ ಬಳಿದರೆ ಎರಡರಲ್ಲೊಂದು ಸುಳ್ಳು. ಹಾರಾಡಿ ಬಂದ ವಿಮಾನವೋ, ಹಾರಲು ಸಜ್ಜಾಗಿ ನಿಂತದ್ದೋ ಎಂದು ಮೊದಲೇ ತೀರ್ಮಾನಿಸಬೇಕು. ಆ ಆಸನದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಕೂತಿದ್ದ ಎಂಬುದನ್ನು ಮರೆಯದವರು ಇಷ್ಟು ವಿಚಾರ ಮಾಡಿಯೇ ಮಾಡುತ್ತಾರೆ.

ಭಾರತದ ಸ್ಪಿಟ್‌ಫೈರ್ ಕಟ್ಟಬೇಕೆನ್ನುವವರು ಮಾರ್ಕ್ 8ರ ಕಿಟ್ ಹುಡುಕಬೇಕು. 1944ರಲ್ಲಿ ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್ ವೆಂಜಿಯೆನ್ಸ್ ಬಾಂಬರುಗಳನ್ನು ಬಿಟ್ಟು ಈ ವಿಮಾನಗಳನ್ನು ಪಡೆದು ಬರ್ಮಾ ರಂಗಕ್ಕೆ ಹೋಯಿತು. ಕಿಟ್ಟಿನಲ್ಲಿ ಬರುವ ಯುರೋಪಿನ ವೃತ್ತಚಿಹ್ನೆಯನ್ನು ಇದಕ್ಕೆ ಅಂಟಿಸುವಂತಿಲ್ಲ. ಪೂರ್ವದ ರಂಗದಲ್ಲಿ ನಡುವಿನ ಕೆಂಪು ಚುಕ್ಕೆಯನ್ನು ತೆಗೆದುಹಾಕಿ ಕಡು ನೀಲಿಯೊಳಗೆ ತಿಳಿ ನೀಲಿ ಇಡುತ್ತಿದ್ದರು. ಜಪಾನಿ ವಿಮಾನಗಳ ಮೇಲೆ ಕೆಂಪು ಸೂರ್ಯನಿದ್ದ. ಅರ್ಧ ಮೈಲಿ ದೂರದಲ್ಲಿ, ಕ್ಷಣಾರ್ಧದಲ್ಲಿ, ಕೆಂಪು ಕಂಡೊಡನೆ ಗುಂಡಿ ಒತ್ತುವ ಮಿತ್ರಪಡೆಯ ಗುರಿಕಾರನಿಗೆ ವೃತ್ತದೊಳಗಿನ ಕೆಂಪೋ ಬರಿಯ ಕೆಂಪೋ ಎಂದು ಬಿಡಿಸಿ ನೋಡಲು ವ್ಯವಧಾನವಿರುವುದಿಲ್ಲ.

ಸ್ವಾತಂತ್ರ್ಯದ ನಂತರ, 1947ರ ಕಾಶ್ಮೀರದ ಕಾಳಗದಲ್ಲೂ ಸ್ಪಿಟ್‌ಫೈರ್‌ಗಳು ಹಾರಿದವು. ಆಮೇಲೆ 1950ರವರೆಗೆ ಕೆಲಕಾಲ ನಮ್ಮ ವಿಮಾನಗಳ ಮೇಲಿನ ವೃತ್ತಚಿಹ್ನೆ ಅಶೋಕಚಕ್ರವೇ ಆಗಿತ್ತು. ಮಾದರಿಯ ಮೇಲೆ ಆರು ಮಿಲಿಮೀಟರ್ ಅಗಲದ ಚಕ್ರ ಬರೆಯುವುದಾದರೆ 24 ಅರಗಳ ನಡುವೆ ಹೊರ ಅಂಚಿನಲ್ಲಿ 0.8 ಮಿಲಿಮೀಟರ್ ಅಂತರ ಸಿಗುತ್ತದೆ. ಗುಂಬದ ಹತ್ತಿರ ಬಂದಂತೆ ಅದು ಕಣ್ಣಿನ ಮಿತಿಗಿಂತ ಕೆಳಗೆ ಇಳಿದು ಎಲ್ಲ ಅರಗಳೂ ಒಂದೇ ನೀಲಿಯಾಗಿ ಕೂಡಿಕೊಳ್ಳುತ್ತವೆ. ಕುಂಚದಿಂದ ಇದು ಆಗದ ಕೆಲಸ. ಕಂಪ್ಯೂಟರಿನಲ್ಲಿ ಬರೆದು ಡೆಕಾಲ್ ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಅರದ ಗೆರೆ 0.1 ಮಿಲಿಮೀಟರಿಗಿಂತ ದಪ್ಪವಾಗದಂತೆ ನೋಡಿಕೊಂಡು, ಅಚ್ಚಿನ ಮೇಲೆ ಹೊಳಪಿನ ವಾರ್ನಿಷ್ ಹೊಡೆದು ಒಂದು ರಾತ್ರಿ ಆರಲು ಬಿಟ್ಟ ಮೇಲೆಯೇ ಅದನ್ನು ನೀರಿಗೆ ಹಾಕಬೇಕು.